ಮೆಕ್‌ಗ್ರಿಫ್ ಅವರ 493ನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಸಂಪಾದಕರಿಗೆ,

ಬೇಸ್‌ಬಾಲ್‌ನ ಶ್ರೇಷ್ಠರನ್ನು ಕಂಚಿನ ಫಲಕವಿಟ್ಟು ಗೌರವಿಸುವ, ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನ ಓದಿದೆ. ತೊಂಬತ್ತರ ದಶಕ ಮತ್ತು ಅದರ ಆಸುಪಾಸಿನಲ್ಲಿ ಎಲ್ಲರೂ ಉದ್ದೀಪನ ಮದ್ದು ತೆಗೆದುಕೊಳ್ಳುತ್ತಿದ್ದರು, ಹಾಗಾಗಿ ಬ್ಯಾಟರ್ ಬ್ಯಾರಿ ಬಾಂಡ್ಸ್ ಮತ್ತು ಚೆಂಡೆಸೆಯುವ ಪಿಚರ್ ರೋಜರ್ ಕ್ಲೆಮೆನ್ಸ್ ಅವರನ್ನು ಮಾತ್ರ ಹೊರಗಿಡುವುದು ಅನ್ಯಾಯ ಎಂಬುದು ಲೇಖಕರ ವಾದ. ‘ಎಲ್ಲರೂ’ ಎಂಬ ಆ ಒಂದು ಪದಕ್ಕಾಗಿಯೇ ಈ ಪತ್ರ.

ನಾನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದವನು. 2007ರ ಆಗಸ್ಟ್ 7ರ ರಾತ್ರಿ ಹದಿಮೂರು ವರ್ಷದ ಮಗನೊಂದಿಗೆ ಜೈಂಟ್ಸ್ ತಂಡದ ಮೈದಾನದಲ್ಲಿದ್ದೆ. ಬಾಂಡ್ಸ್ 756ನೆಯ ಹೋಮ್ ರನ್ (ಚೆಂಡನ್ನು ಮೈದಾನದ ಬೇಲಿಯಾಚೆ ಅಟ್ಟುವ ಹೊಡೆತ) ಹೊಡೆದು ಹ್ಯಾಂಕ್ ಆರನ್ ಅವರ 755ರ ದಾಖಲೆ ಮುರಿದರು. ನಾನೂ ಎದ್ದು ನಿಂತು, ಗಂಟಲು ಕಟ್ಟುವವರೆಗೆ ಕೂಗಿದೆ. ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ ಆರನ್ ಕಾಣಿಸಿಕೊಂಡು ಅಭಿನಂದನೆ ಹೇಳಿದರು. ಮೊದಲೇ ಚಿತ್ರೀಕರಿಸಿಟ್ಟಿದ್ದ ಮಾತುಗಳು ಅವು. ಮಗ ಕೇಳಿದ: “ಅಪ್ಪಾ, ಅವರು ಇಲ್ಲಿಗೇ ಏಕೆ ಬರಲಿಲ್ಲ?” ಆರನ್ ಅವರ ಮನಸ್ಸಿನಲ್ಲಿದ್ದದ್ದು ಅವರಿಗೇ ಗೊತ್ತು. ಆದರೆ ಆ ಪ್ರಶ್ನೆ ಕೇಳಿದ ಮೇಲೆ ನನಗೆ ಕೂಗಲು ಮನಸ್ಸಾಗಲಿಲ್ಲ. ನಾಲ್ಕು ತಿಂಗಳ ನಂತರ, ಬೇಸ್‌ಬಾಲ್‌ನಲ್ಲಿ ಮದ್ದಿನ ಬಳಕೆಯನ್ನು ತನಿಖೆ ಮಾಡಿ ಬಂದ ಮಿಚೆಲ್ ವರದಿ 89 ಆಟಗಾರರನ್ನು ಹೆಸರಿಸಿತು. ಬಾಂಡ್ಸ್, ಕ್ಲೆಮೆನ್ಸ್ ಇಬ್ಬರೂ ಅದರಲ್ಲಿದ್ದರು.

ಇನ್ನು ‘ಎಲ್ಲರೂ’. 2003ರಲ್ಲಿ ಶಿಕ್ಷೆಯ ಭಯವಿಲ್ಲದೆ, ಹೆಸರು ಗುಟ್ಟಾಗಿಟ್ಟು ನಡೆಸಿದ ಪರೀಕ್ಷೆಗಳಲ್ಲಿ ಮದ್ದು ಪತ್ತೆಯಾದದ್ದು ನೂರಕ್ಕೆ ಐದರಿಂದ ಏಳರಲ್ಲಿ. ತಪ್ಪಿಸಿಕೊಂಡವರು ಅದಕ್ಕಿಂತ ಹೆಚ್ಚೇ ಇದ್ದಿರಬಹುದು. ಆದರೂ ಎಲ್ಲರೂ ಅಲ್ಲ.

ಅದೇ ಕಾಲದ ಬ್ಯಾಟರ್ ಫ್ರೆಡ್ ಮೆಕ್‌ಗ್ರಿಫ್ ಅವರ ಹೆಸರನ್ನು ಲೇಖನ ಒಮ್ಮೆಯೂ ಎತ್ತಲಿಲ್ಲ. 1989ರಲ್ಲಿ 36 ಹೋಮ್ ರನ್ ಹೊಡೆದು ಅಮೆರಿಕನ್ ಲೀಗ್‌ನಲ್ಲಿ, 1992ರಲ್ಲಿ 35 ಹೊಡೆದು ನ್ಯಾಷನಲ್ ಲೀಗ್‌ನಲ್ಲಿ ಮೊದಲಿಗರಾದವರು ಅವರು. ಆರೇ ವರ್ಷಗಳಲ್ಲಿ, 1998ರಲ್ಲಿ, ಮಾರ್ಕ್ ಮೆಗ್ವೈರ್ 70 ಹೊಡೆದರು. ಸ್ಟೆರಾಯ್ಡ್ ಎಂಬ ಉದ್ದೀಪನ ಮದ್ದು ಬಳಸಿದ್ದೆನೆಂದು ಮೆಗ್ವೈರ್ ಒಪ್ಪಿಕೊಂಡದ್ದು 2010ರಲ್ಲಿ. ಅಲ್ಲಿಯವರೆಗೆ ಮೆಕ್‌ಗ್ರಿಫ್ ಅವರ 35, 36 ಜನರ ಕಣ್ಣಿಗೆ ಸಣ್ಣದಾಗಿ ಹೋಗಿತ್ತು. ಅವರ ಒಟ್ಟು ಹೋಮ್ ರನ್ 493. ಮದ್ದಿನ ಮಾತು ಅವರ ಹೆಸರಿನ ಹತ್ತಿರವೂ ಸುಳಿಯಲಿಲ್ಲ. ಹಾಲ್ ಆಫ್ ಫೇಮ್‌ಗೆ ಆರಿಸುವ ಕ್ರೀಡಾ ಬರಹಗಾರರ ಮತಪತ್ರದಲ್ಲಿ ಹತ್ತು ವರ್ಷ ಕಾದರು. ಬೇಕಿದ್ದದ್ದು ಶೇ 75, ಕೊನೆಯ ವರ್ಷ ಸಿಕ್ಕಿದ್ದು ಶೇ 39.8. 2022ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ನ ಹದಿನಾರು ಜನರ ಸಮಿತಿ ಒಮ್ಮತದಿಂದ ಅವರನ್ನು ಆರಿಸಿತು. ಅದೇ ಸಭೆಯಲ್ಲಿ ಬಾಂಡ್ಸ್, ಕ್ಲೆಮೆನ್ಸ್ ಇಬ್ಬರಿಗೂ ನಾಲ್ಕು ಮತ ಕೂಡ ಬೀಳಲಿಲ್ಲ. ಆ ಸುದ್ದಿ ಓದಿದ ದಿನ ನನ್ನ ಕಣ್ಣು ತುಂಬಿತ್ತು.

ಬಾಂಡ್ಸ್ ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಿಲ್ಲವಲ್ಲ ಎನ್ನುತ್ತಾರೆ. ನಿಜ, 2011ರಲ್ಲಿ ಮದ್ದಿನ ತನಿಖೆಯಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ್ದಕ್ಕಾಗಿ ಬಂದ ತೀರ್ಪು 2015ರಲ್ಲಿ ರದ್ದಾಯಿತು. ಗೊತ್ತಿದ್ದೂ ಸ್ಟೆರಾಯ್ಡ್ ಬಳಸಲಿಲ್ಲ ಎಂದೇ ಅವರು ಹೇಳುತ್ತ ಬಂದಿದ್ದಾರೆ. ಆದರೆ ಇಲ್ಲಿ ಯಾರನ್ನೂ ಜೈಲಿಗೆ ಕಳುಹಿಸುತ್ತಿಲ್ಲ, ಸನ್ಮಾನ ಮಾಡಬೇಕೇ ಎಂದು ಕೇಳುತ್ತಿದ್ದೇವೆ. ಆಟದ ಸಾಧನೆಯ ಜೊತೆಗೆ ಪ್ರಾಮಾಣಿಕತೆ, ಕ್ರೀಡಾಮನೋಭಾವ, ನಡತೆಯನ್ನೂ ನೋಡಬೇಕೆಂದು ಮತದಾನದ ನಿಯಮವೇ ಹೇಳುತ್ತದೆ. ಇತಿಹಾಸವನ್ನು ಅಳಿಸುತ್ತಿದ್ದಾರೆ ಎಂಬ ದೂರೂ ಸರಿಯಲ್ಲ. ಆ 756ನೆಯ ಚೆಂಡು, ದಾಖಲೆಯ ಮೇಲೆ ಅನುಮಾನವಿದೆ ಎಂದು ಸೂಚಿಸುವ ನಕ್ಷತ್ರದ ಗುರುತು (*) ಹೊತ್ತು ಕೂಪರ್ಸ್‌ಟೌನ್‌ನ ವಸ್ತುಸಂಗ್ರಹಾಲಯಕ್ಕೇ ಸೇರಿದೆ. ಸಿಗದೇ ಇರುವುದು ಕಂಚಿನ ಫಲಕ ಮಾತ್ರ.

ಒಂದು ವಿಷಯದಲ್ಲಿ ಲೇಖಕರ ಸಿಟ್ಟು ನನ್ನದೂ ಹೌದು. ಇದೆಲ್ಲ ನಡೆಯುವಾಗ ಬೇಸ್‌ಬಾಲ್‌ನ ಮುಖ್ಯಸ್ಥ, ಅಂದರೆ ಕಮಿಷನರ್ ಆಗಿದ್ದ ಬಡ್ ಸೆಲಿಗ್ ಅವರ ಫಲಕ 2017ರಿಂದ ಅಲ್ಲಿದೆ. ಅದು ತಪ್ಪು. ಆದರೆ ಒಂದು ತಪ್ಪು ಫಲಕದ ಪಕ್ಕದಲ್ಲಿ ಇನ್ನೆರಡು ಏಕೆ ಬೇಕು?

ನನ್ನ ಮಗ ಮುಂದೆ ಪ್ರೌಢಶಾಲೆಯ ತಂಡದಲ್ಲಿ ಕ್ಯಾಚರ್ ಆದ. ಕೊನೆಯ ವರ್ಷ ಜೊತೆಯ ಹುಡುಗನೊಬ್ಬ ಒಂದೇ ಬೇಸಿಗೆಯಲ್ಲಿ ವಿಪರೀತ ದಪ್ಪನಾಗಿ ಬಂದ. ಅವನು ತೆಗೆದುಕೊಂಡದ್ದನ್ನೇ ಮಗನಿಗೂ ಕೊಡಲು ಬಂದರು. ಬೇಡವೆಂದ. ಆ ವರ್ಷ ಬಹುಪಾಲು ಬೆಂಚಿನ ಮೇಲೆ ಕುಳಿತ. ಮಗನೂ ಆ ‘ಎಲ್ಲರೂ’ ಎಂಬುದರೊಳಗೆ ಸೇರಿದವನೇ?

ಮುಂದಿನ ಬಾರಿ ಬಾಂಡ್ಸ್ ಅವರ ಒಟ್ಟು ಹೋಮ್ ರನ್ 762ನ್ನು ಅಚ್ಚುಮಾಡುವಾಗ ಪಕ್ಕದಲ್ಲಿ ಮೆಕ್‌ಗ್ರಿಫ್ ಅವರ 493ನ್ನೂ ಹಾಕಬೇಕೆಂದು ಕೋರುತ್ತೇನೆ.

ನಿಮ್ಮ ಓದುಗ,
ಸ್ಯಾನ್ ಫ್ರಾನ್ಸಿಸ್ಕೊ