ಭಾನುವಾರದ ಮಾತುಕತೆ: ರಾಸ್‌ನ ಹಿಮಯಾನ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ವಿಡಿಯೊ ಕಾಲ್‌ನಲ್ಲಿ ಸೇರೋಣ. ವಿಷಯ, ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕ್ಲಾರ್ಕ್ ರಾಸ್ 1839ರಿಂದ 43ರವರೆಗೆ ನಡೆಸಿದ ಅಂಟಾರ್ಕ್ಟಿಕ್ ಯಾನ.

ರಾಸ್ ಒಯ್ದ ಎರೆಬಸ್, ಟೆರರ್ ಎರಡೂ ಬ್ರಿಟಿಷ್ ನೌಕಾಪಡೆಯ ಹಾಯಿಹಡಗುಗಳು. ಭಾರಿ ಫಿರಂಗಿ ಹೊರಲೆಂದೇ ಗಟ್ಟಿಯಾಗಿ ಕಟ್ಟಿದ್ದವು, ಹಾಗಾಗಿ ಹಿಮದ ಗುದ್ದು ತಡೆದುಕೊಂಡವು. 1841ರ ಜನವರಿಯಲ್ಲಿ ಹಿಮದ ನಡುವೆ ಹೊಗೆ, ಬೆಂಕಿ ಉಗುಳುವ ಬೆಟ್ಟ ಕಂಡಿತು! ಅದಕ್ಕೆ ಎರೆಬಸ್ ಅಂತಲೇ ಹೆಸರಿಟ್ಟರು. ಮುಂದೆ 150 ಅಡಿಗೂ ಎತ್ತರದ ಹಿಮದ ಗೋಡೆ. ದಾರಿ ಬಂದ್.

ಬರುವ ಮೊದಲು ನಕ್ಷೆಯಲ್ಲಿ ರಾಸ್ ಸಮುದ್ರ ಹುಡುಕಿಟ್ಟುಕೊಳ್ಳಿ. ಹಡಗಿನಲ್ಲಿದ್ದ 22ರ ಹುಡುಗ, ಸಸ್ಯವಿಜ್ಞಾನಿ ಹುಕರ್ ಬಗ್ಗೆ ಹತ್ತು ನಿಮಿಷ ಮಾತಾಡಲು ಒಬ್ಬರು ಬೇಕು. ಯಾರು ರೆಡಿ? ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಮೈಕ್ ಮಾತ್ರ ಆಫ್ ಇಡಿ, ಕಳೆದ ಸಲ ಯಾರದೋ ಕುಕ್ಕರ್ ನಾಲ್ಕು ವಿಷಲ್ ಹಾಕಿತ್ತು, ನೆನಪಿದೆ ಅಲ್ವಾ?