ಹುಬ್ಬು ಮಾತ್ರ ಏರಿಸುವ ಕಾರ್ಲೊ

ಎಲ್ಲರಿಗೂ ನಮಸ್ಕಾರ.

ಹೋದ ಬೇಸಿಗೆಯ ಪಿಕ್ನಿಕ್‌ನಲ್ಲಿ ಅಪ್ಪಂದಿರ ಫುಟ್‌ಬಾಲ್ ತಂಡಕ್ಕೆ ನನ್ನನ್ನೇ ಗೋಲಿ, ಅಂದರೆ ಗೋಲ್‌ಕೀಪರ್, ಮಾಡಿದ್ದರು. ಏಳು ಗೋಲು ಬಿಟ್ಟೆ. ಇಂಥವನು ಸಂಪಾದಕೀಯದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯೋದಾ ಅಂತ ಮನೆಯಲ್ಲೇ ನಕ್ಕರು. ಆಡೋಕೆ ಬರದವರೇ ಅಲ್ವಾ ಕೋಚ್‌ಗಳ ಬಗ್ಗೆ ಜಾಸ್ತಿ ಮಾತಾಡೋದು!

ನನಗೆ ಇಷ್ಟದ ಕೋಚ್, ಏನೇ ಆದರೂ ಒಂದು ಹುಬ್ಬು ಮಾತ್ರ ಏರಿಸಿ ನಿಲ್ಲುವ ಕಾರ್ಲೊ ಆಂಚೆಲೊಟ್ಟಿ. ಇಟಲಿಯ ರೆಜ್ಜೊಲೊ ಎಂಬ ಊರಿನ ರೈತರ ಮಗ. ಮನೆಯಲ್ಲಿ ದನ, ಹಾಲು, ಚೀಸ್ ಕೆಲಸ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ಕಡೆ ಲೀಗ್ ಗೆದ್ದ ಮೊದಲ ಕೋಚ್ ಇವರೇ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಐದು ಸಲ: ಮಿಲಾನ್ ಜತೆ 2003 ಮತ್ತು 2007, ರಿಯಲ್ ಮ್ಯಾಡ್ರಿಡ್ ಜತೆ 2014, 2022, 2024. ಈ ಪಟ್ಟಿ ಫೋನಿನಲ್ಲಿ ಹುಡುಕಿದರೂ ಸಿಗುತ್ತದೆ. ನನಗೆ ಹೇಳಬೇಕಾಗಿರುವುದು ಅವರು ಮಾಡಿದ ಒಂದು ತಪ್ಪಿನ ಕಥೆ.

ಆಟಗಾರನಾಗಿದ್ದಾಗ ಮಿಲಾನ್‌ನಲ್ಲಿ ಕೋಚ್ ಅರಿಗೊ ಸಾಕ್ಕಿ ಅವರ ಕೈಕೆಳಗೆ ಪಳಗಿದವರು ಆಂಚೆಲೊಟ್ಟಿ. ಗುರು ಕಲಿಸಿದ 4-4-2 (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು) ಅಂದರೆ ವೇದ. 1996ರಲ್ಲಿ ಪಾರ್ಮಾ ತಂಡದ ಕೋಚ್ ಆದಾಗ ಅಲ್ಲಿ ಜಾನ್‌ಫ್ರಾಂಕೊ ಜೋಲಾ ಇದ್ದರು. ಫಾರ್ವರ್ಡ್‌ಗಳ ಹಿಂದೆ ಆರಾಮಾಗಿ ಓಡಾಡಿಕೊಂಡು ಜಾದೂ ಮಾಡುವ ಆಟಗಾರ. 4-4-2ರಲ್ಲಿ ಆ ಜಾಗವೇ ಇಲ್ಲ ಅಂತ ಆಂಚೆಲೊಟ್ಟಿ ಅವರನ್ನು ಎಡಗಡೆ ಅಂಚಿಗೆ ತಳ್ಳಿದರು. ಜೋಲಾ ಚೆಲ್ಸಿಗೆ ಹೊರಟೇಹೋದರು. ಮರುವರ್ಷ ಇಟಲಿಯ ದೊಡ್ಡ ಆಟಗಾರ ರಾಬರ್ಟೊ ಬಾಜಿಯೊ ಬರುತ್ತೇನೆ ಅಂದರೆ, ನಿಮಗೆ ಬೇಕಾದ ಜಾಗ ನಮ್ಮಲ್ಲಿಲ್ಲ ಅಂದುಬಿಟ್ಟರು. ಬಾಜಿಯೊ ಬೊಲೊನ್ಯಾಗೆ ಹೋಗಿ ಆ ಸೀಸನ್‌ನಲ್ಲೇ 22 ಲೀಗ್ ಗೋಲು ಹೊಡೆದರು!

ಬಾಜಿಯೊನಂಥವರನ್ನು ಬಾಗಿಲಿಂದಲೇ ವಾಪಸ್ ಕಳಿಸುವುದು ಅಂದರೆ, ಮದುವೆ ಮನೆಯವರು ಬಾಳೆಲೆ ಸಣ್ಣದಿದೆ ಅಂತ ಹೋಳಿಗೆ ಬಡಿಸದೆ ಇದ್ದ ಹಾಗೆ. ಅದು ತಪ್ಪು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಬರೀ ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಯುವೆಂಟಸ್‌ನಲ್ಲಿ ಜಿಡಾನ್‌ಗೆ ಹೊಂದುವ ಹಾಗೆ ತಂಡದ ಜೋಡಣೆಯನ್ನೇ ಬದಲಾಯಿಸಿದರು. ಮಿಲಾನ್‌ನಲ್ಲಿ ಆಂಡ್ರೆಯಾ ಪಿರ್ಲೊನನ್ನು ಡಿಫೆನ್ಸ್ ಮುಂದೆ ನಿಲ್ಲಿಸಿ, ಇಡೀ ಆಟ ಅಲ್ಲಿಂದಲೇ ಹೊರಡುವಂತೆ ಮಾಡಿದರು.

ಏಟು ತಿಂದದ್ದೂ ಕಮ್ಮಿಯೇನಲ್ಲ. 2005ರಲ್ಲಿ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ಜತೆ ಮಧ್ಯಂತರಕ್ಕೆ 3-0 ಮುಂದಿದ್ದು ಲಿವರ್‌ಪೂಲ್‌ಗೆ ಸೋತರು. ಚೆಲ್ಸಿ ಕೆಲಸದಿಂದ ತೆಗೆಯಿತು, ಬಯರ್ನ್ ತೆಗೆಯಿತು. 2019ರಲ್ಲಿ ನಾಪೊಲಿ ಅಂತೂ ಚಾಂಪಿಯನ್ಸ್ ಲೀಗ್ ಪಂದ್ಯವನ್ನು 4-0 ಗೆದ್ದ ರಾತ್ರಿಯೇ ಮನೆಗೆ ಕಳಿಸಿತು. ಆಮೇಲೆ ನಮ್ಮ ಇಂಗ್ಲೆಂಡಿನ ಎವರ್ಟನ್. ಅಲ್ಲಿ ಹತ್ತನೇ ಸ್ಥಾನ. ಇವರ ಕಾಲ ಮುಗಿಯಿತು ಅಂದವರಲ್ಲಿ ನಾನೂ ಒಬ್ಬ. ಅಷ್ಟರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತೆ ಕರೆಯಿತು.

2022ರ ಮೇ 4ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ನೆನಪಿದೆಯಾ? ಸೆಮಿಫೈನಲ್ ಅಂದರೆ ಎರಡು ಪಂದ್ಯ, ಇದು ಎರಡನೆಯದು. ಎರಡರ ಗೋಲೂ ಸೇರಿಸಿದರೆ ಮ್ಯಾಂಚೆಸ್ಟರ್ ಸಿಟಿ 5-3 ಮುಂದೆ. ನಾನು ಟಿವಿ ಆರಿಸಲು ರಿಮೋಟ್ ಹುಡುಕುತ್ತಿದ್ದೆ. 90ನೇ ನಿಮಿಷಕ್ಕೆ ರಿಯಲ್‌ನ ರೊಡ್ರಿಗೊ ಒಂದು, ಮರುನಿಮಿಷ ಇನ್ನೊಂದು! ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಗ ಆಂಚೆಲೊಟ್ಟಿ ಏನು ಮಾಡಿದರು ಗೊತ್ತಾ? ಹೊರಗೆ ಬಂದಿದ್ದ ಕ್ರೂಸ್ ಮತ್ತು ಬೆಂಚಿನ ಮೇಲಿದ್ದ ಮಾರ್ಸೆಲೊ ಹತ್ತಿರ ಹೋಗಿ, ಯಾರನ್ನು ಇಳಿಸೋಣ ಅಂತ ಕೇಳಿದರು. ಅಷ್ಟು ಕಪ್ ಗೆದ್ದವರು, 62 ವರ್ಷದವರು, ಆ ಗದ್ದಲದಲ್ಲಿ ಹುಡುಗರ ಅಭಿಪ್ರಾಯ ಕೇಳುತ್ತಾ ನಿಂತಿದ್ದರು. ಬೆನ್ಜೆಮಾ ಪೆನಾಲ್ಟಿ ಹೊಡೆದು ಗೆಲ್ಲಿಸಿದರು. ಸಿಟಿ ಅಭಿಮಾನಿ ಸದಸ್ಯರು ಕ್ಷಮಿಸಬೇಕು, ನಾನು ಸೋಫಾ ಮೇಲೆ ಹತ್ತಿ ಕುಣಿದೆ.

2025ರ ಮೇನಲ್ಲಿ ಅವರು ಬ್ರೆಜಿಲ್ ತಂಡಕ್ಕೆ ಹೋದರು. ಜೂನ್ 10ಕ್ಕೆ ಅವರಿಗೆ 66 ತುಂಬಿತು. ಅವತ್ತೇ ಪರಾಗ್ವೆಯನ್ನು 1-0 ಸೋಲಿಸಿ ಬ್ರೆಜಿಲ್ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಹುಟ್ಟುಹಬ್ಬಕ್ಕೆ ಒಳ್ಳೆ ಉಡುಗೊರೆ.

ಅಂದ ಹಾಗೆ, ಈ ಸಲದ ಪಿಕ್ನಿಕ್ ಪಂದ್ಯಕ್ಕೆ ಹೆಸರು ಕೊಡುವವರು ಯಾವ ಜಾಗದಲ್ಲಿ ಆಡಲು ಇಷ್ಟ ಅಂತಲೂ ಬರೆದು ಕಳಿಸಿ. ನನ್ನದು ಆಗಲೇ ಕೊಟ್ಟಿದ್ದೇನೆ: ಗೋಲಿ ಒಂದು ಬಿಟ್ಟು ಎಲ್ಲಿ ಬೇಕಾದರೂ.