ಚಿತ್ರಪುಸ್ತಕಕ್ಕೆ ಕೈಕೆಲಸ ಜೋಡಿಸಿಕೊಟ್ಟವರಿಗೆ

ಗ್ರಂಥಾಲಯದ ಮಕ್ಕಳ ಓದಿನ ವೇಳೆಗಾಗಿ ಹಬ್ಬದ ಚಿತ್ರಪುಸ್ತಕವೊಂದನ್ನು ಆರಿಸಿಕೊಂಡು, ಅದರ ಜೊತೆಗೆ ಏನು ಮಾಡಿಸುವುದೆಂದು ಯೋಚಿಸುತ್ತಿದ್ದ ನನಗೆ, ಹೆಸರನ್ನೂ ಹೇಳದೆ ನೆರವಾಗಿ ಹೋದ ತಮಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ. ಕಥೆ ಮುಗಿದ ಮೇಲೆ ಬಣ್ಣ ತುಂಬಲು ಹಾಳೆ ಕೊಡುವುದು ಎಲ್ಲರೂ ಮಾಡುವ ಕೆಲಸ. ತಾವು ಸೂಚಿಸಿದ್ದು ಬೇರೆಯೇ. ಕಥೆಯೊಳಗಿನ ಮಕ್ಕಳು ಕಾಗದದ ಕಂದೀಲು ತೂಗುಹಾಕುವ ಪುಟಕ್ಕೆ ಮೊದಲೇ ಓದು ನಿಲ್ಲಿಸಿ, ಕೇಳುತ್ತಿರುವ ಮಕ್ಕಳಿಂದಲೂ ಕಂದೀಲು ಮಾಡಿಸಿ, ಅನಂತರವೇ ಪುಟ ತಿರುಗಿಸಬೇಕೆಂದಿರಿ. ಹಾಳೆಯನ್ನು ಉದ್ದಕ್ಕೆ ಮಡಚಿ, ಮಡಿಕೆಯ ಕಡೆಯಿಂದ ಸಾಲಾಗಿ ಕತ್ತರಿಸುತ್ತ, ಎದುರಿನ ಅಂಚಿಗೆ ಸುಮಾರು 2 ಸೆಂಟಿಮೀಟರ್ ಇರುವಾಗಲೇ ನಿಲ್ಲಿಸಬೇಕು, ಇಲ್ಲವಾದರೆ ಪಟ್ಟಿಗಳೆಲ್ಲ ಕಳಚಿಬೀಳುತ್ತವೆ ಎಂದು ಪೆನ್ಸಿಲ್ ಗೆರೆ ಎಳೆದೇ ತೋರಿಸಿದಿರಿ. ಬಿಡಿಸಿ, ಸುತ್ತಿ, ಅಂಟಿಸಿ, ಮೇಲಿನಿಂದ ತುಸು ಒತ್ತಿದ ಕೂಡಲೇ ನಡುಭಾಗ ಉಬ್ಬಿ ನಿಂತದ್ದನ್ನು ಕಂಡ ಮಕ್ಕಳು, ಪುಸ್ತಕದ ಚಿತ್ರದ ಪಕ್ಕದಲ್ಲಿ ತಮ್ಮದನ್ನು ಹಿಡಿದು ಸೀಳುಗಳನ್ನು ಎಣಿಸತೊಡಗಿದರು.

ಚಿತ್ರಪುಸ್ತಕ ಓದುವಾಗ ಪ್ರಶ್ನೆ ಕೇಳಿ ಮಗುವನ್ನೇ ಮಾತಾಡಿಸಿದರೆ ಅದರ ಭಾಷೆ ಬೆಳೆಯುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ಆದರೆ ಕೈಯಲ್ಲಿ ವಸ್ತುವಿದ್ದಾಗ ಪ್ರಶ್ನೆಗಳು ಮಕ್ಕಳಿಂದಲೇ ಬಂದವು: ದೀಪ ಒಳಗಿಟ್ಟರೆ ಕಾಗದ ಸುಡುವುದಿಲ್ಲವೇ, ಗಾಳಿ ಬಂದರೆ ಏನಾಗುತ್ತದೆ? ಅಂಟಿಗಿಂತ ಸ್ಟೇಪ್ಲರ್ ಬೇಗ ಎಂಬ ತಮ್ಮ ಮಾತೂ ನಿಜ, ಅದು ದೊಡ್ಡವರ ಕೈಯಲ್ಲಿರುವ ತನಕ. ಈಗ ಪುಸ್ತಕ ಆರಿಸುವಾಗಲೇ, ಕಥೆಯಲ್ಲಿ ಬರುವ ಯಾವ ವಸ್ತುವನ್ನು ಮಕ್ಕಳ ಕೈಯಿಂದ ಮಾಡಿಸಬಹುದೆಂದು ಹುಡುಕುತ್ತಿದ್ದೇನೆ.